ಪ್ರೋಟೀನಿನ ಮೂಲಕ ಸಾಗುವುದೆಲ್ಲ ಸಕ್ರಿಯ ಸಾಗಣೆಯೇ? ಕೋಶಪೊರೆಯನ್ನು ವಸ್ತುಗಳು ದಾಟುವ ಬಗೆಯ ಕುರಿತು ಕೆಲವು ಸಂದೇಹಗಳು

ಅರಳುಮೊಗ್ಗು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪದವಿಯ ಮೊದಲ ವರ್ಷದಲ್ಲಿ ಕೋಶಪೊರೆಯ ಅಧ್ಯಾಯವನ್ನು ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಸಾಗಣೆಯನ್ನು ನಿಷ್ಕ್ರಿಯ ಮತ್ತು ಸಕ್ರಿಯ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದಕ್ಕೆ ಶಕ್ತಿ ಬೇಡ, ಎರಡನೆಯದಕ್ಕೆ ಎಟಿಪಿ (ಕೋಶಕ್ಕೆ ಶಕ್ತಿಯನ್ನು ಒದಗಿಸುವ ಅಣು) ಬೇಕು ಎಂದು ಬರೆದಿದ್ದಾರೆ. ಓದುವಾಗ ಇದು ಸರಳವಾಗಿಯೇ ಕಾಣುತ್ತದೆ; ಆದರೆ ಒಂದೊಂದೇ ಉದಾಹರಣೆಯನ್ನು ಎತ್ತಿಕೊಂಡು ಅದು ಯಾವ ಗುಂಪಿಗೆ ಸೇರುತ್ತದೆ ಎಂದು ನೋಡಹೊರಟರೆ ಮೂರು ಕಡೆ ತೊಡಕಾಗುತ್ತಿದೆ.

ಮೊದಲನೆಯದು ಗ್ಲುಕೋಸಿನ ವಿಷಯ. ಕೆಂಪು ರಕ್ತಕಣದೊಳಕ್ಕೆ ಗ್ಲುಕೋಸು ಒಂದು ವಾಹಕ ಪ್ರೋಟೀನಿನ ಮೂಲಕ ಹೋಗುತ್ತದೆ, ಅದನ್ನು ನಿಷ್ಕ್ರಿಯ ಸಾಗಣೆ ಎಂದಿದ್ದಾರೆ. ಸಣ್ಣ ಕರುಳಿನ ಕೋಶದೊಳಕ್ಕೆ ಅದೇ ಗ್ಲುಕೋಸು ಬೇರೊಂದು ವಾಹಕ ಪ್ರೋಟೀನಿನ ಮೂಲಕ ಹೋಗುತ್ತದೆ, ಅದನ್ನು ಸಕ್ರಿಯ ಸಾಗಣೆ ಎಂದಿದ್ದಾರೆ. ಆದರೆ ಈ ಎರಡನೆಯ ಪ್ರೋಟೀನು ಕೂಡ ಎಟಿಪಿಯನ್ನು ಬಳಸುವುದಿಲ್ಲ ಎಂದು ಅದೇ ಪುಟದಲ್ಲಿದೆ. ಎಟಿಪಿ ಬಳಸದಿದ್ದ ಮೇಲೆ ಅದು ಸಕ್ರಿಯ ಹೇಗಾಯಿತು?

ಎರಡನೆಯದು ನೀರಿನ ವಿಷಯ. ಪೊರೆಯ ನಡುಭಾಗ ನೀರನ್ನು ಒಲ್ಲದ ಕೊಬ್ಬಿನ ಸರಪಣಿಗಳಿಂದ ತುಂಬಿದೆ ಎನ್ನುತ್ತಾರೆ. ಹಾಗಿದ್ದರೆ ಅಭಿಸರಣೆಯಲ್ಲಿ (ದ್ರಾವ್ಯ ಹೆಚ್ಚಿರುವ ಕಡೆಗೆ ನೀರು ಪೊರೆಯ ಮೂಲಕ ಹರಿಯುವುದರಲ್ಲಿ) ನೀರು ಅದನ್ನು ದಾಟುವುದಾದರೂ ಎಲ್ಲಿಂದ?

ಮೂರನೆಯದು ಪ್ರಯೋಗಾಲಯದಲ್ಲಿ ಕಂಡದ್ದು. ಶೇಕಡ 0.9ರ ಉಪ್ಪಿನ ದ್ರಾವಣದಲ್ಲಿ ಹಾಕಿದ ಕೆಂಪು ರಕ್ತಕಣಗಳು ಹಾಗೆಯೇ ಉಳಿದವು. ಒಟ್ಟು ಕಣಗಳ ಲೆಕ್ಕದಲ್ಲಿ ಅದಕ್ಕೆ ಸಮನಾದ ಯೂರಿಯಾ ದ್ರಾವಣದಲ್ಲಿ ಹಾಕಿದವು ಮಾತ್ರ ನೋಡನೋಡುತ್ತಿದ್ದಂತೆ ಒಡೆದು, ಮಬ್ಬಾಗಿದ್ದ ದ್ರಾವಣ ತಿಳಿಯಾದ ಕೆಂಪು ಬಣ್ಣಕ್ಕೆ ತಿರುಗಿತು. ಎರಡೂ ದ್ರಾವಣಗಳು ಸಮಾನವಾಗಿದ್ದ ಮೇಲೆ ಪರಿಣಾಮವೂ ಒಂದೇ ಆಗಬೇಕಿತ್ತಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಪೊರೆ_ಓದುಗ:

ಅರಳುಮೊಗ್ಗು ಅವರೇ, ನಿಮ್ಮ ಮೂರೂ ಸಂದೇಹಗಳ ಬೇರು ಒಂದೇ ಎಂದು ನನಗನ್ನಿಸುತ್ತದೆ. ಪೊರೆಯನ್ನು ದಾಟುವ ಯಾವುದೇ ವಸ್ತುವಿನ ಬಗ್ಗೆ ನಾವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಅದು ಯಾವ ದಾರಿಯಿಂದ ದಾಟುತ್ತದೆ ಎಂಬುದು ಒಂದು ಪ್ರಶ್ನೆ. ಅದನ್ನು ಆ ದಿಕ್ಕಿಗೆ ಒಯ್ಯುವ ಚಾಲಕ ಬಲ ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು. ಪ್ರೋಟೀನು ಇದೆಯೋ ಇಲ್ಲವೋ ಎಂಬುದು ದಾರಿಗೆ ಸಂಬಂಧಿಸಿದ್ದು. ಸಕ್ರಿಯವೋ ನಿಷ್ಕ್ರಿಯವೋ ಎಂಬುದು ಬಲಕ್ಕೆ ಸಂಬಂಧಿಸಿದ್ದು. ಹಲವು ಪಠ್ಯಗಳಲ್ಲಿ ಈ ಎರಡನ್ನೂ ಒಂದೇ ಕೋಷ್ಟಕದಲ್ಲಿ ತುರುಕಿರುವುದರಿಂದ ಪ್ರೋಟೀನು ಎಂದೊಡನೆ ಎಟಿಪಿ ಎಂದುಕೊಳ್ಳುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆದುಬಿಡುತ್ತದೆ.

ದಾರಿಯ ವಿಷಯವನ್ನು ಮೊದಲು ನೋಡೋಣ. ಕೋಶಪೊರೆಯ ಮೂಲ ಚೌಕಟ್ಟು ಫಾಸ್ಫೊಲಿಪಿಡ್ ಅಣುಗಳ ಎರಡು ಪದರ. ಎವರ್ಟ್ ಗಾರ್ಟರ್ ಮತ್ತು ಫ್ರಾಂಸ್ವಾ ಗ್ರೆಂಡೆಲ್ ಅವರು 1925ರಲ್ಲಿ ಕೆಂಪು ರಕ್ತಕಣಗಳ ಲಿಪಿಡ್ಡನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿ, ಅದು ಆಕ್ರಮಿಸುವ ವಿಸ್ತೀರ್ಣ ರಕ್ತಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿದೆ ಎಂದು ತೋರಿಸಿ, ಪೊರೆಯಲ್ಲಿ ಎರಡು ಪದರಗಳಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಈ ಜೋಡಿಪದರದ ಎರಡೂ ಹೊರಮೈಗಳು ನೀರಿನೊಂದಿಗೆ ಹೊಂದಿಕೊಳ್ಳುತ್ತವೆ. ನಡುವಿನ ಸುಮಾರು 3 ನ್ಯಾನೊಮೀಟರ್ ದಪ್ಪದ ಭಾಗದಲ್ಲಿ ಮಾತ್ರ ಕೊಬ್ಬಿನಾಮ್ಲದ ಸರಪಣಿಗಳಿದ್ದು, ನಿಜವಾದ ಅಡ್ಡಿ ಇರುವುದು ಅಲ್ಲಿಯೇ.

ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಸ್ಟೆರಾಯ್ಡ್ ಹಾರ್ಮೋನುಗಳಂಥ ಅಣುಗಳು ಈ ನಡುಭಾಗದಲ್ಲಿ ಸುಲಭವಾಗಿ ಕರಗಿ ಆಚೆಗೆ ಹೋಗುತ್ತವೆ. ಕೊಬ್ಬಿನಲ್ಲಿ ಕರಗುವ ವಸ್ತುಗಳು ಕೋಶವನ್ನು ಬೇಗ ಹೊಗುತ್ತವೆ ಎಂಬುದನ್ನು ಅರ್ನೆಸ್ಟ್ ಓವರ್ಟನ್ 1890ರ ದಶಕದಲ್ಲಿ ನೂರಾರು ವಸ್ತುಗಳನ್ನು ಪರೀಕ್ಷಿಸಿ ಕಂಡುಕೊಂಡಿದ್ದರು. ಪೊರೆ ಹೇಗಿದೆಯೆಂದು ಯಾರೂ ನೋಡಿರದ ಕಾಲದಲ್ಲಿ, ಬರೀ ಯಾವುದು ಬೇಗ ಒಳಹೋಗುತ್ತದೆ ಎಂಬ ಗಮನಿಕೆಯಿಂದ ಪೊರೆಯ ಸ್ವಭಾವವನ್ನು ಊಹಿಸಿದ ಆ ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ವಿದ್ಯುದಾವೇಶ ಹೊತ್ತ ಅಯಾನುಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಸೋಡಿಯಂ ಅಯಾನು ಎಷ್ಟೇ ಚಿಕ್ಕದಾಗಿದ್ದರೂ ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕೊಬ್ಬಿನ ನಡುಭಾಗಕ್ಕೆ ಇಳಿಯಬೇಕಾದರೆ ಆ ನೀರನ್ನು ಕಳಚಿ ಹೋಗಬೇಕಾಗುತ್ತದೆ, ಅದಕ್ಕೆ ತಗಲುವ ಶಕ್ತಿ ಅಪಾರ. ಪ್ರೋಟೀನುಗಳಿಲ್ಲದ ಶುದ್ಧ ಲಿಪಿಡ್ ಜೋಡಿಪದರವು ನೀರಿಗೆ ಹೋಲಿಸಿದರೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಗೆ ಸುಮಾರು ನೂರು ಕೋಟಿ ಪಟ್ಟು ಕಡಿಮೆ ಪಾರಕ ಎಂಬುದನ್ನು ನೆನೆದರೆ ಅಡ್ಡಿಯ ಅಗಾಧತೆ ತಿಳಿಯುತ್ತದೆ. ಗ್ಲುಕೋಸಿಗೆ ಆವೇಶವಿಲ್ಲದಿದ್ದರೂ ನೀರಿನೊಂದಿಗೆ ಜಲಜನಕ ಬಂಧ ಏರ್ಪಡಿಸುವ ಗುಂಪುಗಳು ಹೆಚ್ಚಾಗಿರುವುದರಿಂದ ಅದೂ ತೀರ ನಿಧಾನವಾಗಿಯೇ ದಾಟುತ್ತದೆ.

ಪ್ರೋಟೀನಿನ ಕೆಲಸ ಈ ಅಡ್ಡಿಯನ್ನು ಕಡಿಮೆ ಮಾಡುವುದು, ಅಷ್ಟೇ. ಕೆಂಪು ರಕ್ತಕಣದ ಗ್ಲುಟ್-1 ಎಂಬ ವಾಹಕವನ್ನೇ ನೋಡಿ. ಪೊರೆಯನ್ನು ಹನ್ನೆರಡು ಬಾರಿ ಹಾದುಹೋಗುವ ಈ ಪ್ರೋಟೀನು ಒಮ್ಮೆ ಹೊರಕ್ಕೆ ತೆರೆದುಕೊಂಡು ಗ್ಲುಕೋಸನ್ನು ಹಿಡಿಯುತ್ತದೆ, ಆಕಾರ ಬದಲಿಸಿ ಒಳಕ್ಕೆ ತೆರೆದುಕೊಂಡು ಅದನ್ನು ಬಿಡುತ್ತದೆ. ಎರಡೂ ಬದಿ ಏಕಕಾಲಕ್ಕೆ ತೆರೆದಿರುವುದು ಎಂದಿಗೂ ಇಲ್ಲ. ಇಷ್ಟರಿಂದಲೇ ಸಾಗಣೆಯ ವೇಗ ಸಾವಿರಾರು ಪಟ್ಟು ಹೆಚ್ಚುತ್ತದೆ. ಆದರೆ ಇದೇ ಪ್ರೋಟೀನು ಒಳಗಿನಿಂದ ಹೊರಕ್ಕೂ ಅಷ್ಟೇ ಸಲೀಸಾಗಿ ಗ್ಲುಕೋಸನ್ನು ಒಯ್ಯಬಲ್ಲದು. ಒಟ್ಟಾರೆ ಹರಿವು ಒಳಮುಖವಾಗಿರುವುದು ರಕ್ತದಲ್ಲಿ ಗ್ಲುಕೋಸಿನ ಸಾಂದ್ರತೆ ಹೆಚ್ಚು, ಕೋಶದೊಳಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ. ಒಳಬಂದ ಗ್ಲುಕೋಸಿಗೆ ಹೆಕ್ಸೊಕೈನೇಸ್ ಕಿಣ್ವವು ತಕ್ಷಣ ಫಾಸ್ಫೇಟನ್ನು ಜೋಡಿಸಿಬಿಡುವುದರಿಂದ ಒಳಗಿನ ಸಾಂದ್ರತೆ ಏರುವುದಿಲ್ಲ, ಫಾಸ್ಫೇಟು ಹೊತ್ತ ಗ್ಲುಕೋಸನ್ನು ಗ್ಲುಟ್-1 ಹೊರಕ್ಕೆ ಒಯ್ಯುವುದೂ ಇಲ್ಲ. ದಾರಿ ಪ್ರೋಟೀನಿನದು, ಬಲ ಸಾಂದ್ರತೆಯ ವ್ಯತ್ಯಾಸದ್ದು. ಹಾಗಾಗಿ ಇದು ನಿಷ್ಕ್ರಿಯ ಸಾಗಣೆ.

ಇದೇ ಭೇದವನ್ನು ಇನ್ಸುಲಿನ್ನಿನ ಕೆಲಸದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಇನ್ಸುಲಿನ್ನು ಗ್ಲುಕೋಸನ್ನು ಕೋಶದೊಳಕ್ಕೆ ತಳ್ಳುತ್ತದೆ ಎಂದು ಹಲವರು ಹೇಳುವುದುಂಟು. ವಾಸ್ತವದಲ್ಲಿ ಅದು ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಕೋಶಕಗಳಲ್ಲಿ (ಪೊರೆಯಿಂದಾದ ಪುಟ್ಟ ಚೀಲಗಳಲ್ಲಿ) ಕಾದಿರಿಸಿದ ಗ್ಲುಟ್-4 ವಾಹಕಗಳನ್ನು ಪೊರೆಯ ಮೇಲಕ್ಕೆ ತರಿಸುತ್ತದೆ. ದಾರಿಗಳ ಸಂಖ್ಯೆ ಹೆಚ್ಚಾಗುತ್ತದೆಯೇ ಹೊರತು ಒಂದೊಂದು ಗ್ಲುಕೋಸ್ ಅಣುವನ್ನು ಒಯ್ಯುವ ಬಲ ಬದಲಾಗುವುದಿಲ್ಲ.

ಶರೀರಕ್ರಿಯಾ:

ಪೊರೆ_ಓದುಗ ಅವರು ಹಾಕಿಕೊಟ್ಟ ಭೇದವನ್ನೇ ಹಿಡಿದು ನೀರು ಮತ್ತು ಯೂರಿಯಾದ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ನೀರಿನ ಅಣು ಚಿಕ್ಕದು, ಅದಕ್ಕೆ ಒಟ್ಟಾರೆ ಆವೇಶವಿಲ್ಲ. ಆದ್ದರಿಂದ ಲಿಪಿಡ್ ಜೋಡಿಪದರವನ್ನು ಅದು ನೇರವಾಗಿಯೇ ಒಂದು ಮಟ್ಟಿಗೆ ದಾಟುತ್ತದೆ. ಆದರೆ ಕೆಂಪು ರಕ್ತಕಣ, ಮೂತ್ರಪಿಂಡದ ನಾಳಗಳಂಥ ಕಡೆ ಕಂಡುಬರುವ ವೇಗವನ್ನು ಬರೀ ಲಿಪಿಡ್ಡಿನಿಂದ ವಿವರಿಸಲಾಗದು ಎಂಬ ಸಂಶಯ ಬಹಳ ಕಾಲದಿಂದ ಇತ್ತು. ಪೀಟರ್ ಅಗ್ರೆ ಮತ್ತು ಸಂಗಡಿಗರು ಕೆಂಪು ರಕ್ತಕಣದ ಪೊರೆಯಲ್ಲಿ ಹೇರಳವಾಗಿದ್ದು ಕೆಲಸವೇನೆಂದು ತಿಳಿದಿರದ ಒಂದು ಪ್ರೋಟೀನನ್ನು ಹಿಡಿದು ಅದರ ಆರ್‌ಎನ್‌ಎಯನ್ನು ಆಫ್ರಿಕಾದ ಒಂದು ಕಪ್ಪೆಯ ಅಂಡಕೋಶಗಳಿಗೆ ಚುಚ್ಚಿದರು. ಕಪ್ಪೆಯ ಅಂಡವು ಸಹಜವಾಗಿ ಸಿಹಿನೀರಿನಲ್ಲಿಯೂ ಉಬ್ಬದೆ ಉಳಿಯುವಂಥದು, ಅದರ ಪೊರೆ ನೀರನ್ನು ತೀರ ಕಡಿಮೆ ಬಿಡುತ್ತದೆ. ಈ ಹೊಸ ಪ್ರೋಟೀನನ್ನು ತಯಾರಿಸಿಕೊಂಡ ಅಂಡಗಳನ್ನು ತೆಳು ದ್ರಾವಣದಲ್ಲಿ ಇಟ್ಟಾಗ ಅವು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ಪ್ರೋಟೀನಿಲ್ಲದ ಅಂಡಗಳು ಹಾಗೆಯೇ ಉಳಿದವು. 1992ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಅಕ್ವಾಪೊರಿನ್ ಎಂಬ ನೀರಿನ ಚಾನೆಲ್ಲುಗಳ ಕುಟುಂಬವೇ ಬೆಳಕಿಗೆ ಬಂದಿತು. 2003ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಅಗ್ರೆ ಅವರು, ಪೊಟ್ಯಾಸಿಯಂ ಚಾನೆಲ್ಲಿನ ರಚನೆಯನ್ನು ಬಿಡಿಸಿದ ರಾಡ್ರಿಕ್ ಮೆಕಿನನ್ ಅವರೊಂದಿಗೆ ಹಂಚಿಕೊಂಡರು.

ಒಂದು ಅಕ್ವಾಪೊರಿನ್ ಚಾನೆಲ್ಲಿನ ಮೂಲಕ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ನೀರಿನ ಅಣುಗಳು ಸಾಲಾಗಿ ಹಾದುಹೋಗುತ್ತವೆ. ಅಷ್ಟು ವೇಗವಿದ್ದರೂ ಪ್ರೋಟಾನು (ಜಲಜನಕದ ಧನ ಅಯಾನು) ಮಾತ್ರ ದಾಟುವುದಿಲ್ಲ. ಬಿಡಿಸಿ ನೋಡಿದರೆ ಇದು ಆಶ್ಚರ್ಯದ ಸಂಗತಿ, ಏಕೆಂದರೆ ಸಾಲಾಗಿ ನಿಂತ ನೀರಿನ ಅಣುಗಳ ಮೂಲಕ ಪ್ರೋಟಾನು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುವುದು ಸಹಜ. ಚಾನೆಲ್ಲಿನ ಅತಿ ಇಕ್ಕಟ್ಟಾದ ಭಾಗದ ಅಗಲ ಸುಮಾರು 0.3 ನ್ಯಾನೊಮೀಟರ್, ಅಂದರೆ ಒಂದು ನೀರಿನ ಅಣುವಿನಷ್ಟು. ಅಲ್ಲಿರುವ ಧನಾವೇಶ ಪ್ರೋಟಾನನ್ನು ದೂರವಿಡುತ್ತದೆ, ಜೊತೆಗೆ ನಡುವಿನ ಎರಡು ಆಸ್ಪರಜಿನ್ ಘಟಕಗಳು ನೀರಿನ ಅಣುವನ್ನು ಹಿಡಿದು ತಿರುಗಿಸುವುದರಿಂದ ಆ ಜಿಗಿತದ ಸಾಲು ಕಡಿದುಹೋಗುತ್ತದೆ. ಹೀಗಾಗದಿದ್ದರೆ ನೀರನ್ನು ಬಿಡುವ ಪ್ರತಿಯೊಂದು ಕೋಶವೂ ತನ್ನ ಪ್ರೋಟಾನು ವ್ಯತ್ಯಾಸವನ್ನು ಕಳೆದುಕೊಳ್ಳುತ್ತಿತ್ತು. ಇಲ್ಲಿಯೂ ಗಮನಿಸಿ: ಅಕ್ವಾಪೊರಿನ್ ನೀರನ್ನು ಎತ್ತ ಒಯ್ಯಬೇಕೆಂದು ನಿರ್ಧರಿಸುವುದಿಲ್ಲ. ಎತ್ತ ಎಂಬುದನ್ನು ಪೊರೆಯ ಎರಡು ಬದಿಯ ದ್ರಾವ್ಯಗಳು ಮತ್ತು ಒತ್ತಡ ನಿರ್ಧರಿಸುತ್ತವೆ.

ಈಗ ನಿಮ್ಮ ಪ್ರಯೋಗಕ್ಕೆ ಬರುತ್ತೇನೆ. ಶೇಕಡ 0.9ರ ಉಪ್ಪಿನ ದ್ರಾವಣದಲ್ಲಿ ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಮತ್ತು ಅಷ್ಟೇ ಕ್ಲೋರೈಡ್ ಇರುವುದರಿಂದ ಒಟ್ಟು ಕಣಗಳ ಲೆಕ್ಕ 308 ಮಿಲಿಮೋಲ್ ಆಗುತ್ತದೆ. ಸುಮಾರು 300 ಮಿಲಿಮೋಲಿನ ಯೂರಿಯಾ ದ್ರಾವಣವೂ ಲೆಕ್ಕದಲ್ಲಿ ಅದಕ್ಕೆ ಸಮವೇ. ಆದರೆ ಹೊರಗಿನ ದ್ರಾವ್ಯವು ನೀರನ್ನು ಹೊರಗೇ ಹಿಡಿದಿಡಬೇಕಾದರೆ ಅದು ತಾನೂ ಹೊರಗೇ ಉಳಿಯಬೇಕು. ಕೆಂಪು ರಕ್ತಕಣದ ಪೊರೆಯಲ್ಲಿ ಯೂರಿಯಾಕ್ಕೆಂದೇ ಮೀಸಲಾದ ವಾಹಕ ಪ್ರೋಟೀನುಗಳಿದ್ದು, ಹೊರಗಿನ ಯೂರಿಯಾ ಕ್ಷಣಮಾತ್ರದಲ್ಲಿ ಒಳಗಿಳಿದು ಎರಡೂ ಬದಿಯಲ್ಲಿ ಸಮನಾಗಿಬಿಡುತ್ತದೆ. ಆಗ ನೀರನ್ನು ಸೆಳೆಯುವುದಕ್ಕೆ ಹೊರಗೆ ಏನೂ ಉಳಿಯುವುದಿಲ್ಲ; ಒಳಗೆ ಮಾತ್ರ ಹಿಮೊಗ್ಲೋಬಿನ್, ಪೊಟ್ಯಾಸಿಯಂ ಮೊದಲಾದ ಹೊರಬರಲಾರದ ದ್ರಾವ್ಯಗಳು ಮೊದಲಿನಂತೆಯೇ ಇರುತ್ತವೆ. ಕೋಶಕ್ಕೆ ಸಂಬಂಧಿಸಿದಂತೆ ಆ ದ್ರಾವಣ ಬರೀ ನೀರಿನಷ್ಟೇ ತೆಳುವಾದುದು. ನೀರು ಒಳನುಗ್ಗಿ ಕೋಶ ಗುಂಡಗಾಗಿ ಒಡೆಯುತ್ತದೆ, ಬೆಳಕನ್ನು ಚದುರಿಸುತ್ತಿದ್ದ ಇಡೀ ಕೋಶಗಳು ಇಲ್ಲವಾಗುವುದರಿಂದಲೇ ಮಬ್ಬು ಹೋಗಿ ದ್ರಾವಣ ತಿಳಿಯಾಗುತ್ತದೆ. ಸುಕ್ರೋಸಿನ 300 ಮಿಲಿಮೋಲ್ ದ್ರಾವಣದಲ್ಲಿ ಇದೇ ಪ್ರಯೋಗವನ್ನು ಮಾಡಿ ನೋಡಿದರೆ ಕೋಶಗಳು ಒಡೆಯದೆ ಉಳಿಯುವುದನ್ನು ಕಾಣುವಿರಿ, ಏಕೆಂದರೆ ಸುಕ್ರೋಸು ಒಳಹೋಗಲಾರದು.

ಹಾಗಾದರೆ ಉಪ್ಪಿನ ಸೋಡಿಯಂ ಏಕೆ ಹೊರಗೇ ಉಳಿಯಿತು ಎಂದು ನೀವು ಕೇಳಬಹುದು. ಅದು ಪೂರ್ತಿ ಹೊರಗೆ ಉಳಿಯುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಸದಾ ಒಳಕ್ಕೆ ಸೋರುತ್ತಲೇ ಇರುತ್ತದೆ. ಸೋಡಿಯಂ-ಪೊಟ್ಯಾಸಿಯಂ ಪಂಪು ಅದನ್ನು ಸದಾ ಹೊರಹಾಕುತ್ತಿರುವುದರಿಂದ ಅದು ಹೊರಗೇ ಉಳಿದಂತೆ ಆಗುತ್ತದೆ. ಊಬೇಯ್ನ್ ಎಂಬ ವಸ್ತುವಿನಿಂದ ಈ ಪಂಪನ್ನು ನಿಲ್ಲಿಸಿದರೆ ಪ್ರಾಣಿಕೋಶಗಳು ಸಮಸಾರದ (ಕೋಶದೊಳಗಿನಷ್ಟೇ ಸಾಂದ್ರತೆಯ) ದ್ರಾವಣದಲ್ಲಿಯೂ ಕ್ರಮೇಣ ಉಬ್ಬುತ್ತವೆ. ಸಸ್ಯಕೋಶಕ್ಕೆ ಗಟ್ಟಿಯಾದ ಕೋಶಭಿತ್ತಿಯ ಆಸರೆ ಇದೆ, ಪ್ರಾಣಿಕೋಶಕ್ಕೆ ಅದಿಲ್ಲ. ತನ್ನ ಗಾತ್ರವನ್ನು ಕಾಯ್ದುಕೊಳ್ಳಲು ಅದು ನಿರಂತರವಾಗಿ ಎಟಿಪಿಯನ್ನು ವ್ಯಯಿಸಬೇಕು. ನಿಷ್ಕ್ರಿಯವೆಂದು ನಾವು ಕರೆಯುವ ಅಭಿಸರಣೆಯ ಸಮತೋಲನವೂ ಹೀಗೆ ಹಿನ್ನೆಲೆಯಲ್ಲಿ ಸಕ್ರಿಯ ಸಾಗಣೆಯನ್ನೇ ನೆಚ್ಚಿಕೊಂಡಿದೆ.

ಭೌತರಸಾಯನ:

ಮೊದಲ ಪ್ರಶ್ನೆಯ ಉಳಿದ ಅರ್ಧಕ್ಕೆ, ಅಂದರೆ ಎಟಿಪಿಯನ್ನು ಮುಟ್ಟದ ಪ್ರೋಟೀನು ಸಕ್ರಿಯ ಸಾಗಣೆಯನ್ನು ಹೇಗೆ ಮಾಡುತ್ತದೆ ಎಂಬುದಕ್ಕೆ, ಲೆಕ್ಕ ಹಾಕಿ ಉತ್ತರಿಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಪೊರೆ_ಓದುಗ ಅವರ ಮಾತಿಗೆ ಒಂದು ಸೇರ್ಪಡೆ. ಗ್ಲುಕೋಸಿನಂಥ ಆವೇಶವಿಲ್ಲದ ಅಣುವಿಗೆ ಸಾಂದ್ರತೆಯ ವ್ಯತ್ಯಾಸವೊಂದೇ ಬಲವಾದರೆ, ಅಯಾನಿಗೆ ಪೊರೆಯ ವಿಭವಾಂತರವೂ (ಎರಡು ಬದಿಗಳ ನಡುವಿನ ವೋಲ್ಟೇಜಿನ ವ್ಯತ್ಯಾಸವೂ) ಬಲವೇ. ಎರಡನ್ನೂ ಕೂಡಿಸಿ ನೋಡದೆ ಅಯಾನು ಇಳಿಮುಖವಾಗಿ ಹೋಗುತ್ತಿದೆಯೋ ಏರುಮುಖವಾಗಿ ಹೋಗುತ್ತಿದೆಯೋ ಎಂದು ಹೇಳಲು ಬರುವುದಿಲ್ಲ.

ಸಾಮಾನ್ಯ ಪ್ರಾಣಿಕೋಶವೊಂದರಲ್ಲಿ ಸೋಡಿಯಂ ಹೊರಗೆ ಲೀಟರಿಗೆ 145, ಒಳಗೆ 12 ಮಿಲಿಮೋಲ್. ಪೊಟ್ಯಾಸಿಯಂ ಒಳಗೆ 140, ಹೊರಗೆ 4 ಮಿಲಿಮೋಲ್. ಕೋಶದ ಒಳಭಾಗ ಹೊರಭಾಗಕ್ಕಿಂತ 70 ಮಿಲಿವೋಲ್ಟ್‌ನಷ್ಟು ಋಣ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಒಂದು ಮೋಲ್ ಸೋಡಿಯಮ್ಮನ್ನು ಹೊರಹಾಕಲು ಸಾಂದ್ರತೆಯ ವಿರುದ್ಧ 6.4 ಕಿಲೋಜೌಲ್, ವಿಭವಾಂತರದ ವಿರುದ್ಧ 6.8 ಕಿಲೋಜೌಲ್, ಒಟ್ಟು 13.2 ಕಿಲೋಜೌಲ್ ಬೇಕು. ಒಂದು ಮೋಲ್ ಪೊಟ್ಯಾಸಿಯಮ್ಮನ್ನು ಒಳತರಲು ಸಾಂದ್ರತೆಯ ವಿರುದ್ಧ 9.2 ಕಿಲೋಜೌಲ್ ಬೇಕಾದರೂ ಒಳಗಿನ ಋಣ ವಿಭವ ತಾನೇ ಅದನ್ನು ಸೆಳೆಯುವುದರಿಂದ 6.8 ಕಳೆದು 2.4 ಮಾತ್ರ ಉಳಿಯುತ್ತದೆ. ಯೆನ್ಸ್ ಸ್ಕೌ ಅವರು 1957ರಲ್ಲಿ ಏಡಿಯ ನರಗಳಲ್ಲಿ ಕಂಡುಹಿಡಿದ, 1997ರಲ್ಲಿ ನೊಬೆಲ್ ತಂದುಕೊಟ್ಟ ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದು ಎಟಿಪಿಗೆ ಮೂರು ಸೋಡಿಯಮ್ಮನ್ನು ಹೊರಕ್ಕೂ ಎರಡು ಪೊಟ್ಯಾಸಿಯಮ್ಮನ್ನು ಒಳಕ್ಕೂ ಒಯ್ಯುತ್ತದೆ. ಮೂರು ಸೋಡಿಯಮ್ಮಿಗೆ 39.6, ಎರಡು ಪೊಟ್ಯಾಸಿಯಮ್ಮಿಗೆ 4.8, ಕೂಡಿದರೆ ಸುಮಾರು 44 ಕಿಲೋಜೌಲ್. ಕೋಶದೊಳಗಿನ ಪರಿಸ್ಥಿತಿಯಲ್ಲಿ ಒಂದು ಮೋಲ್ ಎಟಿಪಿ ವಿಭಜನೆಯಿಂದ ಸಿಗುವುದು ಸುಮಾರು 50ರಿಂದ 60 ಕಿಲೋಜೌಲ್. ಸೋಡಿಯಂ ಮೂರರ ಬದಲು ನಾಲ್ಕಾಗಿದ್ದರೆ ಲೆಕ್ಕ 58ರ ಹತ್ತಿರಕ್ಕೆ ಹೋಗಿ, ಎಟಿಪಿಯ ಶಕ್ತಿಯೆಲ್ಲ ಅಲ್ಲಿಗೇ ಮುಗಿದು, ಪಂಪನ್ನು ಮುಂದಕ್ಕೆ ನಡೆಸಲು ಏನೂ ಉಳಿಯುತ್ತಿರಲಿಲ್ಲ.

ಹೀಗೆ ಸೋಡಿಯಮ್ಮನ್ನು ಹೊರಗೆ ಪೇರಿಸಿಟ್ಟಿರುವುದೇ ಒಂದು ಶಕ್ತಿಯ ಸಂಗ್ರಹ. ಎತ್ತರದ ತೊಟ್ಟಿಗೆ ಏರಿಸಿಟ್ಟ ನೀರಿನಿಂದ ಆಮೇಲೆ ಬೇರೊಂದು ಕೆಲಸ ತೆಗೆಯುವಂತೆ, ಕೋಶವು ಹೊರಗಿನ ಸೋಡಿಯಂ ಒಳಕ್ಕೆ ಇಳಿದುಬರುವುದನ್ನೇ ಬಳಸಿ ಇನ್ನೊಂದು ವಸ್ತುವನ್ನು ಏರುಮುಖವಾಗಿ ಒಯ್ಯಬಲ್ಲದು. ಕರುಳಿನ ಎಸ್‌ಜಿಎಲ್‌ಟಿ-1 ವಾಹಕ ಮಾಡುವುದು ಇದನ್ನೇ. ಅದರ ಹೊರಬದಿಗೆ ಮೊದಲು ಎರಡು ಸೋಡಿಯಂ ಅಯಾನುಗಳು ಕೂಡಿಕೊಳ್ಳುತ್ತವೆ, ನಂತರ ಗ್ಲುಕೋಸು ಕೂಡಿಕೊಳ್ಳುತ್ತದೆ, ಎಲ್ಲವೂ ಕೂಡಿದ ಮೇಲಷ್ಟೇ ಪ್ರೋಟೀನು ಒಳಕ್ಕೆ ತಿರುಗಿ ಅವನ್ನು ಬಿಡುತ್ತದೆ. ಗ್ಲುಕೋಸಿನ ಹೀರಿಕೆ ಸೋಡಿಯಮ್ಮಿನ ಒಳಹರಿವಿಗೆ ಕೂಡಿಕೊಂಡಿದೆ ಎಂಬ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಆದುದರಿಂದ ಇದು ಸಕ್ರಿಯ ಸಾಗಣೆಯೇ. ಎಟಿಪಿ ವ್ಯಯವಾಗುವುದು ಈ ಪ್ರೋಟೀನಿನಲ್ಲಿ ಅಲ್ಲ, ಅದೇ ಕೋಶದ ಇನ್ನೊಂದು ಬದಿಯಲ್ಲಿರುವ ಪಂಪಿನಲ್ಲಿ. ಅದಕ್ಕಾಗಿಯೇ ಪಠ್ಯಗಳಲ್ಲಿ ಇದನ್ನು ದ್ವಿತೀಯಕ ಸಕ್ರಿಯ ಸಾಗಣೆ ಎನ್ನುತ್ತಾರೆ. ಪಂಪನ್ನು ನಿಲ್ಲಿಸಿದರೆ ಕೊಂಚ ಹೊತ್ತಿನಲ್ಲಿ ಇದೂ ನಿಲ್ಲುತ್ತದೆ.

ಒಂದು ಗ್ಲುಕೋಸಿಗೆ ಎರಡು ಸೋಡಿಯಂ ಏಕೆ ಎಂಬುದಕ್ಕೂ ಲೆಕ್ಕ ಉತ್ತರ ಕೊಡುತ್ತದೆ. ಒಂದೇ ಸೋಡಿಯಂ ಇದ್ದರೆ ಸಿಗುವ 13.2 ಕಿಲೋಜೌಲಿನಿಂದ ಗ್ಲುಕೋಸನ್ನು ಹೊರಗಿಗಿಂತ ಒಳಗೆ ಹೆಚ್ಚೆಂದರೆ ಸುಮಾರು 170 ಪಟ್ಟು ಸಾಂದ್ರಗೊಳಿಸಬಹುದು. ಎರಡಿದ್ದರೆ ಆ ಸಂಖ್ಯೆಯ ವರ್ಗ, ಅಂದರೆ ಸುಮಾರು 28,000 ಪಟ್ಟು. ಇದು ಸಿದ್ಧಾಂತದ ಮೇಲ್ಮಿತಿ, ಕೋಶದಲ್ಲಿ ವಾಸ್ತವವಾಗಿ ಅಷ್ಟು ಆಗುವುದಿಲ್ಲ. ಮೂತ್ರಪಿಂಡದಲ್ಲಿ ಈ ಎರಡೂ ಬಗೆಯ ವಾಹಕಗಳು ಒಂದರ ಮುಂದೊಂದು ಇವೆ. ಸೋಸಿಬಂದ ದ್ರವದಲ್ಲಿ ಗ್ಲುಕೋಸು ಹೇರಳವಾಗಿರುವ ನಾಳದ ಆರಂಭದಲ್ಲಿ ಒಂದು ಸೋಡಿಯಮ್ಮಿನಿಂದ ಕೆಲಸ ಮಾಡುವ ಎಸ್‌ಜಿಎಲ್‌ಟಿ-2 ಬಹುಪಾಲನ್ನು ಹೀರಿಕೊಳ್ಳುತ್ತದೆ. ಮುಂದೆ ಅಲ್ಪಸ್ವಲ್ಪ ಉಳಿದದ್ದನ್ನು ಎರಡು ಸೋಡಿಯಂ ವ್ಯಯಿಸುವ ಎಸ್‌ಜಿಎಲ್‌ಟಿ-1 ಹಿಡಿದುಕೊಳ್ಳುತ್ತದೆ. ಅಗ್ಗವಾಗಿ ಸಿಗುವಲ್ಲಿ ಕಡಿಮೆ ವ್ಯಯ, ಅಪರೂಪವಾದಲ್ಲಿ ಹೆಚ್ಚು ವ್ಯಯ ಎಂಬ ಈ ಏರ್ಪಾಡನ್ನು ಲೆಕ್ಕದ ಮೂಲಕ ಅರಿತಾಗ ಆಗುವ ಸಂತೋಷ ಬರೀ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಸಿಗುವುದಿಲ್ಲ.

ಅರಳುಮೊಗ್ಗು:

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಯೂರಿಯಾದ ವಿಷಯವಂತೂ ಈಗ ಪೂರ್ತಿ ಸ್ಪಷ್ಟವಾಯಿತು, ಸುಕ್ರೋಸಿನ ಪ್ರಯೋಗವನ್ನು ಮುಂದಿನ ವಾರ ಮಾಡಿ ನೋಡಲು ಉಪನ್ಯಾಸಕರ ಅನುಮತಿ ಕೇಳುತ್ತೇನೆ. ಇನ್ನೆರಡು ಪ್ರಶ್ನೆಗಳಿವೆ. ಕರುಳಿನ ಕೋಶದೊಳಗೆ ಸೇರಿದ ಗ್ಲುಕೋಸು ರಕ್ತಕ್ಕೆ ಹೋಗುವುದು ಹೇಗೆ? ಹಾಗೆಯೇ, ಕೋಶವು ದೊಡ್ಡ ಅಣುಗಳನ್ನು ಪೊರೆಯಿಂದ ಸುತ್ತುವರಿದು ಒಳಗೆಳೆದುಕೊಳ್ಳುವ ಕ್ರಿಯೆಯನ್ನು ದಾರಿ ಮತ್ತು ಬಲ ಎಂಬ ನಿಮ್ಮ ವಿಂಗಡಣೆಯಲ್ಲಿ ಎಲ್ಲಿ ಇಡಬೇಕು?

ಶರೀರಕ್ರಿಯಾ:

ಮೊದಲನೆಯದಕ್ಕೆ ಉತ್ತರ ಕೋಶದ ಎರಡು ಬದಿಗಳ ಅಸಮಾನತೆಯಲ್ಲಿದೆ. ಕರುಳಿನ ಒಳಕುಹರದ ಕಡೆಗಿರುವ ಪೊರೆಯಲ್ಲಿ ಎಸ್‌ಜಿಎಲ್‌ಟಿ-1 ಇದ್ದರೆ, ರಕ್ತನಾಳದ ಕಡೆಗಿರುವ ಪೊರೆಯಲ್ಲಿ ಗ್ಲುಟ್-2 ವಾಹಕವೂ ಸೋಡಿಯಂ-ಪೊಟ್ಯಾಸಿಯಂ ಪಂಪೂ ಇವೆ. ಒಂದು ಬದಿಯಲ್ಲಿ ಏರುಮುಖವಾಗಿ ಒಳಬಂದ ಗ್ಲುಕೋಸು ಕೋಶದಲ್ಲಿ ಶೇಖರವಾಗಿ, ಇನ್ನೊಂದು ಬದಿಯಲ್ಲಿ ಬರೀ ಸಾಂದ್ರತೆಯ ವ್ಯತ್ಯಾಸದಿಂದ ಗ್ಲುಟ್-2 ಮೂಲಕ ರಕ್ತದ ಕಡೆಗೆ ಹೊರಬೀಳುತ್ತದೆ. ಪಕ್ಕಪಕ್ಕದ ಕೋಶಗಳ ನಡುವಿನ ಬಿಗಿಸಂಧಿಗಳು ಈ ಎರಡು ಬಗೆಯ ಪ್ರೋಟೀನುಗಳು ಪೊರೆಯಲ್ಲಿ ತೇಲುತ್ತ ಒಂದರೊಳಗೊಂದು ಬೆರೆತುಹೋಗದಂತೆ ತಡೆಯುತ್ತವೆ. ಒಂದೇ ಕೋಶದಲ್ಲಿ, ಒಂದೇ ಅಣುವಿಗೆ, ಸಕ್ರಿಯ ಮತ್ತು ನಿಷ್ಕ್ರಿಯ ಸಾಗಣೆಗಳು ಹೀಗೆ ಒಂದರ ಹಿಂದೊಂದು ನಡೆಯುತ್ತವೆ.

ಕಾಲರಾ ರೋಗದಲ್ಲಿ ಇದರ ಮಹತ್ವ ಎದ್ದು ಕಾಣುತ್ತದೆ. ಕಾಲರಾ ವಿಷವು ಕರುಳಿನ ಕೋಶಗಳ ಕ್ಲೋರೈಡ್ ಚಾನೆಲ್ಲುಗಳನ್ನು ತೆರೆದೇ ಇಡುವಂತೆ ಮಾಡುತ್ತದೆ. ಕ್ಲೋರೈಡ್ ಹೊರಬಿದ್ದಾಗ ಸೋಡಿಯಮ್ಮೂ ನೀರೂ ಅದನ್ನು ಹಿಂಬಾಲಿಸಿ ದೇಹ ಬತ್ತಿಹೋಗುತ್ತದೆ. ಆದರೆ ಎಸ್‌ಜಿಎಲ್‌ಟಿ-1 ಈ ವಿಷಕ್ಕೆ ಸಿಲುಕದೆ ಕೆಲಸ ಮಾಡುತ್ತಲೇ ಇರುತ್ತದೆ. ಗ್ಲುಕೋಸು ಮತ್ತು ಉಪ್ಪನ್ನು ಒಟ್ಟಿಗೆ ಕುಡಿಸಿದರೆ ಇವೆರಡೂ ಆ ವಾಹಕದ ಮೂಲಕ ಒಳಹೋಗಿ ನೀರನ್ನೂ ಸೆಳೆದುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಓಆರ್‌ಎಸ್ ದ್ರಾವಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲುಕೋಸ್ ಇದ್ದು, ಒಟ್ಟು ಕಣಗಳ ಲೆಕ್ಕ 245 ಮಿಲಿಮೋಲ್. ಸಕ್ಕರೆ ಹೆಚ್ಚಾದಷ್ಟೂ ಒಳ್ಳೆಯದೆಂದು ಯಾರಾದರೂ ತಮ್ಮಿಷ್ಟದಂತೆ ಗ್ಲುಕೋಸನ್ನು ಹೆಚ್ಚಿಸಿದರೆ, ಹೀರಿಕೆಯಾಗದೆ ಉಳಿದ ಗ್ಲುಕೋಸೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಉಲ್ಬಣಗೊಳಿಸುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಅದನ್ನು ಕರಗಿಸಬೇಕೆಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಪೊರೆ_ಓದುಗ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪೊರೆಯಿಂದ ಸುತ್ತುವರಿದು ಒಳಗೆಳೆದುಕೊಳ್ಳುವ ಎಂಡೊಸೈಟೋಸಿಸ್ ಕ್ರಿಯೆಗೆ ಶಕ್ತಿ ಖಂಡಿತ ಬೇಕು, ಆದರೆ ಅಲ್ಲಿ ವಸ್ತುವು ಪೊರೆಯನ್ನು ದಾಟುವುದೇ ಇಲ್ಲ. ಪೊರೆ ಒಳಕ್ಕೆ ಬಾಗಿ, ಕುತ್ತಿಗೆ ಕಿರಿದಾಗಿ, ಕೋಶಕವಾಗಿ ಕಳಚಿಕೊಂಡಾಗ ಒಳಗೆ ಸಿಕ್ಕಿದ ವಸ್ತುವು ಇನ್ನೂ ಪೊರೆಯ ಅದೇ ಬದಿಯಲ್ಲಿರುತ್ತದೆ. ಕೋಶದ್ರವ್ಯದೊಂದಿಗೆ ಅದಕ್ಕೆ ಸಂಪರ್ಕವಾಗಿರುವುದಿಲ್ಲ.

ಕಬ್ಬಿಣದ ಉದಾಹರಣೆಯಿಂದ ಇದು ಚೆನ್ನಾಗಿ ತಿಳಿಯುತ್ತದೆ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಪ್ರೋಟೀನು ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿಕೊಂಡಾಗ ಎರಡೂ ಒಟ್ಟಿಗೆ ಕೋಶಕದೊಳಕ್ಕೆ ಸೇರುತ್ತವೆ. ಕೋಶಕದ ಪೊರೆಯಲ್ಲಿರುವ ಪ್ರೋಟಾನು ಪಂಪು ಎಟಿಪಿಯನ್ನು ಬಳಸಿ ಅದರ ಒಳಗನ್ನು ಆಮ್ಲೀಯಗೊಳಿಸುತ್ತದೆ. ಆಮ್ಲೀಯತೆಯಲ್ಲಿ ಕಬ್ಬಿಣ ಟ್ರಾನ್ಸ್‌ಫೆರಿನ್ನಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಿಂದ ಅದು ಕೋಶದ್ರವ್ಯಕ್ಕೆ ಬರಬೇಕಾದರೆ ಡಿಎಂಟಿ-1 ಎಂಬ ವಾಹಕ ಪ್ರೋಟೀನು ಬೇಕೇ ಬೇಕು, ಮತ್ತು ಆ ವಾಹಕವು ಕಬ್ಬಿಣವನ್ನು ಪ್ರೋಟಾನಿನೊಂದಿಗೆ ಕೂಡಿಸಿಯೇ ಸಾಗಿಸುತ್ತದೆ. ಕಬ್ಬಿಣ ಪೊರೆಯನ್ನು ನಿಜವಾಗಿ ದಾಟುವ ಹೆಜ್ಜೆ ಅದೊಂದೇ. ಭೌತರಸಾಯನ ಅವರು ಸೋಡಿಯಂ ಇಟ್ಟುಕೊಂಡು ಮಾಡಿದ ಲೆಕ್ಕವನ್ನು ಇಲ್ಲಿ ಪ್ರೋಟಾನಿಗೆ ಅನ್ವಯಿಸಬಹುದು. ಕಬ್ಬಿಣವನ್ನು ಕಳೆದುಕೊಂಡ ಟ್ರಾನ್ಸ್‌ಫೆರಿನ್ ತನ್ನ ಗ್ರಾಹಕದೊಂದಿಗೆ ಮತ್ತೆ ಕೋಶದ ಮೇಲ್ಮೈಗೆ ಮರಳಿ, ಅಲ್ಲಿಂದ ರಕ್ತಕ್ಕೆ ಬಿಡುಗಡೆಯಾಗುತ್ತದೆ.

ಆದ್ದರಿಂದ ಎಂಡೊಸೈಟೋಸಿಸ್ಸನ್ನು ಸಕ್ರಿಯ ಸಾಗಣೆಯ ಪಟ್ಟಿಯ ಕೊನೆಯಲ್ಲಿ ಸೇರಿಸುವ ಬದಲು ಅದನ್ನು ಪ್ರತ್ಯೇಕವಾಗಿ ಓದಿಕೊಳ್ಳಿ. ಪರೀಕ್ಷೆಯಲ್ಲಿ ಪಠ್ಯದ ವಿಂಗಡಣೆಯನ್ನೇ ಬರೆಯಬೇಕಾಗಿ ಬಂದರೂ ಕೋಶಕದೊಳಗಿನ ವಸ್ತು ಮುಂದೆ ಏನಾಗುತ್ತದೆ ಎಂಬ ಒಂದು ಸಾಲನ್ನು ಅದರೊಂದಿಗೆ ಸೇರಿಸಿ. ರಕ್ತದಲ್ಲಿ ಕೊಲೆಸ್ಟೆರಾಲನ್ನು ಹೊತ್ತೊಯ್ಯುವ ಕಡಿಮೆ ಸಾಂದ್ರತೆಯ ಲಿಪೊಪ್ರೋಟೀನಿನ ವಿಷಯದಲ್ಲಿ, ಅಂದರೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ತಂದ ಅಧ್ಯಯನದಲ್ಲಿ, ಒಳಬಂದ ಕಣ ಲೈಸೊಸೋಮಿನಲ್ಲಿ (ಕೋಶದೊಳಗಿನ ಜೀರ್ಣಕಾರಿ ಚೀಲದಲ್ಲಿ) ಜೀರ್ಣವಾಗಿ ಕೊಲೆಸ್ಟೆರಾಲ್ ಬಿಡುಗಡೆಯಾಗುತ್ತದೆ. ಅಲ್ಲಿಂದ ಅದನ್ನು ಹೊರತರಲೂ ನಿರ್ದಿಷ್ಟ ಪ್ರೋಟೀನುಗಳು ಬೇಕು, ಆ ಪ್ರೋಟೀನುಗಳು ಕೆಟ್ಟಾಗ ಕೊಲೆಸ್ಟೆರಾಲ್ ಲೈಸೊಸೋಮಿನಲ್ಲೇ ತುಂಬಿಕೊಂಡು ನೀಮನ್-ಪಿಕ್ ಸಿ ಎಂಬ ಆನುವಂಶಿಕ ಕಾಯಿಲೆ ಬರುತ್ತದೆ.